ನಡುಗೆರೆಯ ಈಚೆಗೆ ಹನ್ನೊಂದು ವರ್ಷ

ಬೆಳಗಿನ ಐದೂಕಾಲು. ಒಳಾಂಗಣ ಕ್ರೀಡಾಂಗಣದ ದೊಡ್ಡ ಬಾಗಿಲು ಅರ್ಧ ತೆರೆದಿದೆ, ಒಳಗೆ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ, ಒಂದು ಕಾಲು ಮಡಚಿ ಇನ್ನೊಂದನ್ನು ಉದ್ದಕ್ಕೆ ಚಾಚಿ ನೆಲದ ಮೇಲೆ ಕುಳಿತ ಹೆಂಗಸೊಬ್ಬರು ಅಂಟುಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ ನಿಧಾನಕ್ಕೆ ಹಿಂದಕ್ಕೆ ಎಳೆಯುತ್ತಿದ್ದಾರೆ. ಪಟ್ಟಿ ಏಳುತ್ತಾ ಹೋದಂತೆ ಅದರ ಪಕ್ಕದಿಂದ ಎರಡಿಂಚು ಅಗಲದ ಬಿಳಿ ಗೆರೆಯೊಂದು ಚಾಕುವಿನಲ್ಲಿ ಕತ್ತರಿಸಿದಷ್ಟು ನೇರವಾಗಿ ಹೊರಬರುತ್ತಿದೆ. ಮೈಮರೆತು ನೋಡುತ್ತಾ ನಾನು ಎರಡು ಹೆಜ್ಜೆ ಮುಂದಿಡುತ್ತೇನೆ.

“ಅಲ್ಲೇ ನಿಲ್ಲಿ,” ಎನ್ನುತ್ತಾರೆ ಅವರು, ತಲೆ ಎತ್ತದೆ. “ಈಗ ಎಡಗಾಲು ಮೆಲ್ಲಗೆ ಎತ್ತಿ. ಹ್ಞಾಂ. ಚಪ್ಪಲಿ ಅಲ್ಲೇ ಬಿಡಿ, ಆಮೇಲೆ ನಾನೇ ಒರೆಸಿಕೊಡ್ತೀನಿ.”

ಬಗ್ಗಿ ನೋಡಿದರೆ, ಅರ್ಧ ಗಂಟೆ ಹಿಂದಷ್ಟೇ ಬಳಿದ ನಡುಗೆರೆಯ ಮೇಲೆ ನನ್ನ ಚಪ್ಪಲಿಯ ಅಚ್ಚು ಒತ್ತಿದೆ. ಪತ್ರಿಕೆಗಾಗಿ ಇವರ ಸಂದರ್ಶನ ಮಾಡಲು ಬಂದವಳು ಮೊದಲ ನಿಮಿಷಕ್ಕೇ ಕೆಲಸ ಕೆಡಿಸಿದ್ದೇನೆ. ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದೆ. ಅವರು ಮಾತ್ರ ಬಟ್ಟೆಯ ತುಂಡಿಗೆ ಸೀಮೆಎಣ್ಣೆ ಅದ್ದಿಕೊಂಡು, ತೆವಳುತ್ತಾ ಬಂದು ಅಚ್ಚು ಒರೆಸುತ್ತಾರೆ. “ಬಿಡಿ, ಈ ಗೆರೆಯನ್ನ ಎಲ್ಲರೂ ತುಳಿಯೋದೇ. ತುಳೀದೆ ಇದ್ದವರು ಅಂದ್ರೆ ನಾವೊಂದಿಷ್ಟು ಜನ ಮಾತ್ರ.” ಆ ಮಾತಿನ ಅರ್ಥ ನನಗೆ ಅವತ್ತು ಆಗಲಿಲ್ಲ.

ಗೆರೆಯಕ್ಕನಿಗೆ ಅರವತ್ತೇಳು. ಶಾಲಾ ಮಕ್ಕಳಿಂದ ಹಿಡಿದು ಕ್ರೀಡಾಂಗಣದ ಕಾರ್ಯದರ್ಶಿಯವರೆಗೆ ಎಲ್ಲರ ಬಾಯಲ್ಲೂ ಅವರು ಗೆರೆಯಕ್ಕನೇ. ಕಳೆದ ಮೂವತ್ತೊಂದು ವರ್ಷಗಳಿಂದ ಈ ಊರಿನ ಬಾಸ್ಕೆಟ್‌ಬಾಲ್ ಅಂಗಳಗಳಿಗೆಲ್ಲ ಗೆರೆ ಎಳೆಯುವವರು ಇವರೊಬ್ಬರೇ. ಇಲ್ಲಿಯದು ಒಂದು, ಶಾಲೆ ಕಾಲೇಜುಗಳದ್ದು ಹದಿನಾಲ್ಕು, ಅಗ್ನಿಶಾಮಕ ಠಾಣೆಯ ಹಿಂದಿನದು ಇನ್ನೊಂದು. ಇಪ್ಪತ್ತೆಂಟು ಮೀಟರ್ ಉದ್ದ, ಹದಿನೈದು ಮೀಟರ್ ಅಗಲದ ಒಂದು ಅಂಗಳ ಮುಗಿಸಲು ನಾಲ್ಕು ಬೆಳಗು ಬೇಕು. ಬೆಳಗೇ ಆಗಬೇಕು, ಯಾಕೆಂದರೆ ಎಂಟಕ್ಕೆ ಮಕ್ಕಳು ಬಂದುಬಿಡುತ್ತಾರೆ. ಮೊದಲು ಸುಣ್ಣದ ದಾರ ಮೀಟಿ ಗುರುತು, ಆಮೇಲೆ ಎರಡೂ ಬದಿಗೆ ಅಂಟುಪಟ್ಟಿ, ನಡುವೆ ಬಣ್ಣ.

“ಪಟ್ಟಿ ಕೀಳೋದ್ರಲ್ಲೇ ಇರೋದು ಎಲ್ಲ,” ಎನ್ನುತ್ತಾರೆ. “ಬಣ್ಣ ಪೂರ್ತಿ ಒಣಗಿದ ಮೇಲೆ ಕಿತ್ತರೆ ಅಂಚು ಹರಿಯುತ್ತೆ. ಹಸಿ ಇದ್ದಾಗ ಕಿತ್ತರೆ ಹರಡುತ್ತೆ. ಬೆರಳು ಇಟ್ಟರೆ ಅಂಟಬೇಕು, ಆದರೆ ಬೆರಳಿಗೆ ಬರಬಾರದು. ಆಗ ಕೀಳಬೇಕು.”

ಬುಟ್ಟಿಯ ಮುಂದಿನ ಗೆರೆಗಳು ವರ್ಷ ತುಂಬುವುದರೊಳಗೆ ಸವೆದು ಹೋಗುತ್ತವಂತೆ. ನಡುಗೆರೆ ಮೂರು ವರ್ಷ ತಡೆಯುತ್ತದೆ. ಆದರೂ ಅವರು ಪ್ರತಿ ವರ್ಷ ಅದಕ್ಕೂ ಬಣ್ಣ ಬಳಿಯುತ್ತಾರೆ, ಅದೂ ಒಂದು ಕೈ ಹೆಚ್ಚಿಗೆ. ಯಾಕೆ ಎಂದು ಕೇಳಿದರೆ, “ಹಳೇ ಪರಿಚಯ,” ಎಂದು ಮಾತು ತೇಲಿಸಿಬಿಡುತ್ತಾರೆ.

ನಿಜ ಹೇಳಬೇಕೆಂದರೆ ನಾನು ಬಂದದ್ದು ಗೆರೆ ಎಳೆಯುವ ಹೆಂಗಸಿನ ಬಗ್ಗೆ ಬರೆಯಲು. ಎರಡನೆಯ ದಿನ ಆರೂವರೆಗೆ ಅವರ ನಾದಿನಿ ಚಹಾದ ಫ್ಲಾಸ್ಕ್ ಹಿಡಿದು ಬಾರದೇ ಹೋಗಿದ್ದರೆ ಅಷ್ಟೇ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ನಾದಿನಿಗೆ ಅರವತ್ತಾರು. ಮಾತಿಗೆ ಕೂತರೆ ಎದುರಿನವರ ಚಹಾ ತಣ್ಣಗಾಗುವುದು ಖಂಡಿತ.

“ಅತ್ತಿಗೆ ನಿಮಗೆ ಹೇಳೇ ಇಲ್ವಾ?” ಎಂದು ನನ್ನನ್ನೇ ಗದರಿಸುವವರಂತೆ ಕೇಳಿದರು. “ಎರಡು ದಿನದಿಂದ ಬಣ್ಣ, ಬ್ರಷ್ಷು, ದಾರ ಅಂತ ಬರ್ಕೊಳ್ತಾ ಇದೀರಾ? ಈ ಊರಲ್ಲಿ ಹೆಣ್ಣುಮಕ್ಕಳು ಬಾಸ್ಕೆಟ್‌ಬಾಲ್ ಆಡೋದು ಅಂತ ಶುರುವಾಗಿದ್ದೇ ಇವಳಿಂದ. ಇವಳು ಆ ಚೆಂಡು ಮುಟ್ಟೋ ಮುಂಚೆ ಯಾವ ಹೆಂಗಸೂ ಮುಟ್ಟಿರಲಿಲ್ಲ.”

“ನೀನು ಚಹಾ ಬಗ್ಗಿಸು,” ಎಂದರು ಗೆರೆಯಕ್ಕ.

ಚಹಾ ಬಗ್ಗಿಸುತ್ತಲೇ ನಾದಿನಿ ಹೇಳಿದ ಕತೆ ಇದು. ಐವತ್ತು ವರ್ಷಗಳ ಹಿಂದೆ ಈ ಜಾಗ ನೂಲಿನ ಗಿರಣಿಯ ಅಂಗಳವಾಗಿತ್ತು. ಗಂಡಸರಿಗೆಂದು ಎರಡು ಬುಟ್ಟಿ ನೆಟ್ಟಿದ್ದರು, ಅವರು ಸಂಜೆ ಐದರ ಮೇಲೆ ಆಡಲು ಬರುತ್ತಿದ್ದರು. ಹೆಂಗಸರ ಪಾಳಿ ಮಧ್ಯಾಹ್ನ ಎರಡಕ್ಕೇ ಮುಗಿಯುತ್ತಿತ್ತು. ನೂಲು ಸುತ್ತುವ ವಿಭಾಗದಲ್ಲಿದ್ದ ಹದಿನೇಳರ ಹುಡುಗಿಗೆ ಆ ಮೂರು ಗಂಟೆ ಖಾಲಿ ಬಿದ್ದಿರುವ ಅಂಗಳವನ್ನು ಸುಮ್ಮನೆ ನೋಡಿಕೊಂಡು ಮನೆಗೆ ಹೋಗುವುದು ಆಗಲಿಲ್ಲ. ಚೆಂಡು ಇರುತ್ತಿದ್ದದ್ದು ಗಿರಣಿಯ ಮೆಕ್ಯಾನಿಕ್ ಒಬ್ಬನ ಪೆಟ್ಟಿಗೆಯಲ್ಲಿ. ಒಂಬತ್ತು ದಿನ ಬಿಡದೆ ಹೋಗಿ ಕೇಳಿದಳು.

“ನಿನಗ್ಯಾಕೆ ಅಂತ ದಿನಾ ಕೇಳೋನು,” ಗೆರೆಯಕ್ಕ ನಗುತ್ತಾರೆ. “ನಿಮಗ್ಯಾಕೋ ನನಗೂ ಅದಕ್ಕೇ ಅಂತ ನಾನು. ಹತ್ತನೇ ದಿನ ಕಾಟ ತಡೀಲಾರದೆ ಕೊಟ್ಟ. ನಮ್ಮ ತಂಗೀನೂ ಸೇರಿಸ್ಕೋಬೇಕು ಅಂತ ಷರತ್ತು ಬೇರೆ ಹಾಕಿದ.”

ಆ ತಂಗಿಯೇ ಈ ನಾದಿನಿ. ಹತ್ತನೇ ದಿನ ಚೆಂಡು ಕೊಟ್ಟ ಮೆಕ್ಯಾನಿಕ್ ಮೂರನೇ ವರ್ಷ ತನ್ನನ್ನೇ ಕೊಟ್ಟುಕೊಂಡ. ಈಗಲೂ ಮನೆಯಲ್ಲಿ ಹೆಂಡತಿಯ ಬ್ರಷ್ಷುಗಳನ್ನು ತೊಳೆದು, ಅವುಗಳ ಕೂದಲು ಬಾಚಿ, ತಲೆಕೆಳಗಾಗಿ ತೂಗುಹಾಕುವುದು ಅವರದೇ ಕೆಲಸ. ಮಾತು ಕಡಿಮೆ. ಈ ಲೇಖನಕ್ಕೆ ಏನಾದರೂ ಹೇಳಿ ಎಂದರೆ, “ಚೆಂಡು ಇನ್ನೂ ವಾಪಸ್ ಬಂದಿಲ್ಲ,” ಎಂದಷ್ಟೇ ಹೇಳಿದರು.

ಈಗ ಆ ಕಾಲದ ಆಟದ ನಿಯಮವನ್ನು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಗೆರೆಯಕ್ಕನ ಇಡೀ ಬದುಕು ಅದರ ಮೇಲೆ ನಿಂತಿದೆ. ಹೆಣ್ಣುಮಕ್ಕಳ ತಂಡದಲ್ಲಿ ಆಗ ಐವರಲ್ಲ, ಆರು ಜನ. ಮೂವರು ಹೊಡೆಯುವವರು, ಮೂವರು ಕಾಯುವವರು. ಹೊಡೆಯುವವರು ಅಂಗಳದ ಆ ಅರ್ಧದಲ್ಲಿ ಇದ್ದು ಬುಟ್ಟಿಗೆ ಚೆಂಡು ಹಾಕಬೇಕು. ಕಾಯುವವರು ಈ ಅರ್ಧದಲ್ಲಿ ನಿಂತು ಎದುರಾಳಿಗಳನ್ನು ತಡೆಯಬೇಕು, ಚೆಂಡು ಕಿತ್ತುಕೊಂಡರೆ ನಡುಗೆರೆಯ ತನಕ ತಂದು ಆಚೆಯವರಿಗೆ ದಾಟಿಸಬೇಕು. ಯಾರೂ ನಡುಗೆರೆ ದಾಟುವಂತಿಲ್ಲ. ಹೆಣ್ಣುಮಕ್ಕಳು ಇಡೀ ಅಂಗಳ ಓಡಿದರೆ ಆರೋಗ್ಯ ಕೆಡುತ್ತದೆ ಎಂದು ಯಾರೋ ದೊಡ್ಡವರು ಎಲ್ಲೋ ಕೂತು ತೀರ್ಮಾನ ಮಾಡಿದ್ದರು.

“ಎಂಟು ಗಂಟೆ ನಿಂತ್ಕೊಂಡೇ ನೂಲು ಸುತ್ತಿ ಬರ್ತಿದ್ವಿ,” ಎನ್ನುತ್ತಾರೆ ಗೆರೆಯಕ್ಕ. “ಆಗ ನಮ್ಮ ಆರೋಗ್ಯ ಯಾರಿಗೂ ನೆನಪಾಗ್ತಿರಲಿಲ್ಲ.”

ಗೆರೆಯಕ್ಕ ಕಾಯುವವರು. ಅವರ ಜೊತೆ ಇನ್ನಿಬ್ಬರು. ಎತ್ತರವಾಗಿದ್ದವಳನ್ನು ‘ಗೋಡೆ’ ಎನ್ನುತ್ತಿದ್ದರು, ಎದುರಾಳಿಯ ಕಾಲ ಸಂದಿಯಲ್ಲೂ ನುಸುಳಿ ಚೆಂಡು ತರುತ್ತಿದ್ದವಳನ್ನು ‘ಇರುವೆ’. ಗೋಡೆ ತೀರಿಕೊಂಡು ಆರು ವರ್ಷವಾಯಿತು. ಇರುವೆ ದೂರದ ಊರಲ್ಲಿ ಮಗಳ ಮನೆಯಲ್ಲಿದ್ದಾರೆ, ವಾರಕ್ಕೊಮ್ಮೆ ಫೋನ್ ಮಾಡಿ ಮೊಣಕಾಲಿನ ಸಮಾಚಾರ ಹೇಳುತ್ತಾರೆ. ಈ ಮೂವರು ಹನ್ನೊಂದು ವರ್ಷ, ನೂರ ನಲವತ್ಮೂರು ಪಂದ್ಯ ಒಟ್ಟಿಗೆ ನಿಂತರು. ತಂಡ ನಾಲ್ಕು ಬಾರಿ ಪ್ರಾಂತ್ಯದ ಕಪ್ಪು ಗೆದ್ದಿತು. ನಾದಿನಿ ಒಬ್ಬರೇ ಸಾವಿರದ ನಾನೂರ ಹದಿನೆಂಟು ಅಂಕ ಹೊಡೆದರು. ಗೆರೆಯಕ್ಕ ಹೊಡೆದದ್ದು ಸೊನ್ನೆ. ಸೊನ್ನೆ ಎಂದರೆ ಸೊನ್ನೆಯೇ. ನೂರ ನಲವತ್ಮೂರು ಪಂದ್ಯದಲ್ಲಿ ಒಮ್ಮೆಯೂ ಬುಟ್ಟಿಯ ಕಡೆ ಚೆಂಡು ಎಸೆದವರಲ್ಲ, ಎಸೆಯಲು ಬಿಟ್ಟವರೂ ಇಲ್ಲ. ಪಂದ್ಯಗಳ ಅಂಕ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇರುವುದು ಮುನ್ನೂರ ಐವತ್ತೊಂದು ಫೌಲು.

“ಅದನ್ನ ದಪ್ಪ ಅಕ್ಷರದಲ್ಲಿ ಹಾಕಬೇಡಿ,” ಎಂದು ಕೇಳಿಕೊಂಡಿದ್ದಾರೆ. ಹಾಕಿಲ್ಲ.

ನಿಯಮ ಬದಲಾಗಿ ಹೆಣ್ಣುಮಕ್ಕಳೂ ಐವರಾಗಿ ಇಡೀ ಅಂಗಳ ಓಡಬಹುದು ಎಂದಾದ ವರ್ಷವೇ ಗೆರೆಯಕ್ಕನ ಬಲ ಮೊಣಕಾಲು ತಿರುಚಿಕೊಂಡಿತು. ಆರು ವರ್ಷದ ಮೇಲೆ ಗಿರಣಿಯೂ ಮುಚ್ಚಿತು. ಅಂಗಳಕ್ಕೆ ಚಾವಣಿ ಹಾಕಿ ಒಳಾಂಗಣ ಮಾಡಿದಾಗ ಗುಡಿಸುವ ಕೆಲಸಕ್ಕೆ ಸೇರಿದರು. ಒಮ್ಮೆ ಗುತ್ತಿಗೆದಾರನ ಆಳು ನಡುಗೆರೆಯನ್ನು ಸೊಟ್ಟಗೆ ಎಳೆದದ್ದು ನೋಡಲಾರದೆ, ರಾತ್ರಿ ನಿದ್ದೆ ಬಾರದೆ, ಮಾರನೆ ದಿನ ತಾವೇ ಕೆರೆದು ತೆಗೆದು ಹೊಸದಾಗಿ ಎಳೆದರು. ಅಂದಿನಿಂದ ಬ್ರಷ್ಷು ಇವರ ಕೈಗೆ ಬಂತು.

ಮೂವತ್ತೊಂದು ವರ್ಷದಿಂದ ಬೀಗದ ಕೈ ಇವರ ಸೊಂಟದಲ್ಲಿದೆ. ಚೆಂಡುಗಳ ಪೆಟ್ಟಿಗೆ ಇವರ ಸುಪರ್ದಿಯಲ್ಲಿದೆ. ಬೆಳಗಾದರೆ ಬುಟ್ಟಿಯ ಕೆಳಗೆ ಇವರೊಬ್ಬರೇ. ಒಂದು ಸಲವಾದರೂ ಎಸೆದು ನೋಡಿಲ್ಲವೇ ಎಂದು ಕೇಳಿದೆ.

“ಇಲ್ಲ,” ಎಂದರು. “ಪಂದ್ಯದಲ್ಲಿ ಹಾಕಿದ್ರೆ ಅದು ಅಂಕ. ಸುಮ್ನೆ ಎಸೆಯೋದು ಕಸದ ಬುಟ್ಟಿಗೆ ಕಾಗದ ಹಾಕಿದ ಹಾಗೆ. ಆಸೆ ಇಲ್ಲ ಅಂತ ಹೇಳಲ್ಲ. ಇದೆ. ಆದರೆ ಹಾಗೆ ಬೇಡ.”

ಈಗ ವಿಷಯಕ್ಕೆ ಬರುತ್ತೇನೆ. ಹೆಣ್ಣುಮಕ್ಕಳ ಮೊದಲ ತಂಡಕ್ಕೆ ಈ ವರ್ಷ ಐವತ್ತು ತುಂಬಿತು. ಅದರ ನೆನಪಿಗೆ ಒಳಾಂಗಣದ ಬಾಗಿಲ ಬಳಿ ಒಂದು ಮರದ ಫಲಕ, ಅದರ ಮೇಲೆ ಆ ಆಟಗಾರ್ತಿಯರ ಹೆಸರು. ಕಾರ್ಯದರ್ಶಿ ಕೆಲಸಕ್ಕೆ ಬಂದು ಎರಡು ವರ್ಷವಾಗಿದೆ, ಒಳ್ಳೆಯ ಮನುಷ್ಯ, ಶಿಸ್ತಿನವರು. ಹಳೆಯ ಅಂಕ ಪುಸ್ತಕಗಳನ್ನೆಲ್ಲ ತೆಗೆದು ಕೂತು, ಅಂಕ ಗಳಿಸಿದವರ ಹೆಸರು ಹೆಕ್ಕಿ ಪಟ್ಟಿ ಮಾಡಿದರು. ಬಂದದ್ದು ಮೂರು ಹೆಸರು. ಬರೆಯಲು ಆ ಪಟ್ಟಿಯನ್ನು ಕೊಟ್ಟದ್ದು ಯಾರ ಕೈಗೆ? ಊರಲ್ಲಿ ಕೈ ನಡುಗದೆ ಅಕ್ಷರ ಬರೆಯುವವರು ಯಾರಿದ್ದಾರೋ ಅವರ ಕೈಗೇ. ಗೆರೆಯಕ್ಕ ಪಟ್ಟಿ ಓದಿ, “ಆಯ್ತು ಸಾರ್,” ಎಂದು ಬ್ರಷ್ಷು ಎತ್ತಿಕೊಂಡರು.

ಕೇಳಿ ನನಗೆ ಮೈ ಉರಿಯಿತು. ನಾದಿನಿಗಂತೂ ಕಣ್ಣಲ್ಲಿ ನೀರೇ ಬಂತು. ಗೋಡೆಗೆ ಆನಿಸಿಟ್ಟ ಆ ಫಲಕವನ್ನು ನಾನು ನೋಡಿದೆ. ಮೂರು ಹೆಸರೂ ಎಡಗಡೆಯ ಅರ್ಧದಲ್ಲಿ, ಒಂದರ ಕೆಳಗೊಂದು, ಅಂದವಾಗಿ ಕೂತಿದ್ದವು. ಬಲಗಡೆಯ ಅರ್ಧ ಖಾಲಿ. ಯಾಕೆ ಹೀಗೆ ಎಂದರೆ, “ಒಣಗಲಿ ಅಂತ,” ಎಂದರು. ಒಣಗುವುದಕ್ಕೂ ಬಲಗಡೆಗೂ ಏನು ಸಂಬಂಧವೋ ದೇವರೇ ಬಲ್ಲ.

ನಾದಿನಿ ನನ್ನನ್ನು ಸಾಕ್ಷಿಗೆ ಎಳೆದುಕೊಂಡು ಕಾರ್ಯದರ್ಶಿಯ ಕೋಣೆಗೆ ನುಗ್ಗಿದರು.

“ಪುಸ್ತಕದಲ್ಲಿರೋ ಆ ಹೆಸರು ನಮ್ಮ ಗೆರೆಯಕ್ಕನದು ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲಮ್ಮ,” ಎಂದು ಅವರು ಪೇಚಾಡಿದರು. ನಿಜಕ್ಕೂ ಬೇಜಾರಾಗಿತ್ತು ಅವರಿಗೆ. “ಆದರೆ ಸಮಿತಿಯಲ್ಲಿ ಒಪ್ಪಿಗೆ ಆಗಿರೋದು ‘ತಂಡಕ್ಕೆ ಅಂಕ ಗಳಿಸಿದವರು’ ಅಂತ. ಒಂದೇ ಒಂದು ಅಂಕ ಇದ್ದಿದ್ರೂ ಹಾಕಿಬಿಡ್ತಿದ್ದೆ.”

“ಶನಿವಾರ ಹಳಬರ ಪಂದ್ಯ ಇದೆಯಲ್ಲ, ಅದು ಪುಸ್ತಕಕ್ಕೆ ಸೇರುತ್ತಾ?” ನಾದಿನಿ ಕೇಳಿದರು.

“ಸೇರುತ್ತೆ. ನಾನೇ ಬರೆಯೋದು.”

“ಅದರಲ್ಲಿ ಒಂದು ಅಂಕ ಬಿದ್ದರೆ?”

ಕಾರ್ಯದರ್ಶಿ ಮುಂದಿದ್ದ ಪುಸ್ತಕ ಮುಚ್ಚಿದರು. “ಬಿದ್ದರೆ ಹೆಸರೂ ಬೀಳುತ್ತೆ,” ಎಂದರು.

ಗೆರೆಯಕ್ಕನಿಗೆ ಇದನ್ನು ಹೇಳಿದಾಗ ಅವರು ಬಣ್ಣದ ಡಬ್ಬಿ ಕಲಕಿದರು. ಆಮೇಲೆ, “ಗೋಡೆ ಈಗ ಎಲ್ಲಿಂದ ಬಂದು ಹಾಕ್ತಾಳೆ?” ಎಂದರು. ಆದರೂ ಪಂದ್ಯಕ್ಕೆ ಬರುತ್ತೇನೆಂದು ಒಪ್ಪಿದರು.

ಶನಿವಾರ ಬೆಳಗ್ಗೆ ಹತ್ತಕ್ಕೆ ಒಳಾಂಗಣದ ತುಂಬ ಜನ. ಬೇರೆ ಬೇರೆ ಕಾಲದಲ್ಲಿ ಆಡಿದ ಹತ್ತು ಹೆಂಗಸರು ಕೆಂಪು, ನೀಲಿ ಎಂದು ಎರಡು ಪಾಲಾಗಿದ್ದಾರೆ. ಚಿಕ್ಕವರಿಗೆ ನಲವತ್ತೈದು, ದೊಡ್ಡವರು ಗೆರೆಯಕ್ಕ. ನೀಲಿಯಲ್ಲಿ ಗೆರೆಯಕ್ಕ, ಕೆಂಪಿನಲ್ಲಿ ನಾದಿನಿ. ಹತ್ತು ಹತ್ತು ನಿಮಿಷದ ಎರಡು ಅವಧಿ, ಐದೈದು ಜನ, ಈಗಿನ ನಿಯಮ. ಯಾರು ಬೇಕಾದರೂ ಎಲ್ಲಿ ಬೇಕಾದರೂ ಓಡಬಹುದು.

ಎರಡನೇ ನಿಮಿಷದಲ್ಲೇ ಗೆರೆಯಕ್ಕ ನಾದಿನಿಯ ಕೈಯಿಂದ ಚೆಂಡು ಕಿತ್ತುಕೊಳ್ಳುತ್ತಾರೆ. ಹೇಗೆ ಕಿತ್ತರೋ ನನಗೆ ಕಾಣಲೇ ಇಲ್ಲ. ಚೆಂಡು ತಟ್ಟುತ್ತಾ ಮುಂದೆ ಬರುತ್ತಾರೆ, ಎದುರಿಗೆ ಒಬ್ಬರೂ ಇಲ್ಲ, ಜನ ಎದ್ದು ನಿಲ್ಲುತ್ತಾರೆ. ನಡುಗೆರೆಯ ಹತ್ತಿರ ಬಂದವರೇ ಗಕ್ಕನೆ ನಿಂತುಬಿಡುತ್ತಾರೆ. ಕಾಲಿನ ಹೆಬ್ಬೆರಳು ಗೆರೆಯಿಂದ ನಾಲ್ಕು ಬೆರಳು ಹಿಂದೆ. ಆಚೆಯವರಿಗಾಗಿ ಹುಡುಕಿ, ಚೆಂಡು ಎಸೆದು, ಹಿಂದಕ್ಕೆ ಓಡುತ್ತಾರೆ. ಪ್ರೇಕ್ಷಕರಿಗೆ ಏನಾಯಿತೆಂದು ತಿಳಿಯಲಿಲ್ಲ. ಮೊದಲ ಅವಧಿ ಮುಗಿಯುವುದರೊಳಗೆ ಇನ್ನೂ ಮೂರು ಸಲ ಹೀಗೇ ಆಯಿತು.

“ತಲೆಗೆ ಗೊತ್ತು,” ಎಂದರು ವಿರಾಮದಲ್ಲಿ, ಮೊಣಕಾಲಿಗೆ ಬಟ್ಟೆ ಬಿಗಿಯುತ್ತಾ. “ಕಾಲಿಗೆ ಯಾರು ಹೇಳ್ತಾರೆ?”

ಎರಡನೇ ಅವಧಿ ಮುಗಿಯಲು ಎರಡು ನಿಮಿಷ ಇದ್ದಾಗ ಮತ್ತೆ ಚೆಂಡು ಅವರ ಕೈಗೆ ಬಂತು. ಮತ್ತೆ ನಡುಗೆರೆ, ಮತ್ತೆ ನಿಂತರು. ಈ ಸಲ ಹಿಂದಿನಿಂದ ಬಂದ ಎದುರಾಳಿ, ಅಂದರೆ ನಾದಿನಿ, ಚೆಂಡು ಕಸಿಯುವುದು ಬಿಟ್ಟು ಹೇಳಿದರು: “ದಾಟು ಅತ್ತಿಗೆ. ಯಾರೂ ಏನೂ ಅನ್ನಲ್ಲ.”

ಗೆರೆಯಕ್ಕ ಕೆಳಗೆ ನೋಡಿದರು. ತಾವೇ ಬಳಿದ ಗೆರೆ. ಹೊಸ್ತಿಲು ದಾಟುವವರಂತೆ ಬಲಗಾಲು ಎತ್ತಿ ಆಚೆಗಿಟ್ಟರು. ಆಮೇಲೆ ಓಡಿದರು. ಬುಟ್ಟಿಯ ಕೆಳಗೆ ಹೋಗಿ ಎರಡೂ ಕೈ ಎತ್ತುವಷ್ಟರಲ್ಲಿ ನಾದಿನಿ ಹಿಂದೆಯೇ ಬಂದು ಅವರ ಮೊಣಕೈ ಮೇಲೆ ಪಟ್ಟನೆ ಹೊಡೆದರು. ರೆಫರಿ ಸೀಟಿ ಊದಿದರು. ಫೌಲು. ಗೆರೆಯಕ್ಕನಿಗೆ ಎರಡು ಎಸೆತ, ಅಡ್ಡ ಬರುವವರು ಯಾರೂ ಇಲ್ಲ.

“ಜಾರಿ ತಗುಲಿತು,” ಎಂದರು ನಾದಿನಿ ರೆಫರಿಗೆ.

“ಇಷ್ಟು ಫೌಲು ಮಾಡಿದವಳಿಗೆ ಜಾರಿದ್ದು ಯಾವುದು ಹೊಡೆದದ್ದು ಯಾವುದು ಅಂತ ಗೊತ್ತಾಗಲ್ವೇನೇ?” ಎಂದರು ಗೆರೆಯಕ್ಕ, ಮೊಣಕೈ ಉಜ್ಜಿಕೊಳ್ಳುತ್ತಾ. ನಗುತ್ತಿದ್ದರು.

ಮೊದಲ ಎಸೆತ ಬುಟ್ಟಿಯ ತನಕ ಹೋಗಲೇ ಇಲ್ಲ. ಎರಡನೆಯದಕ್ಕೆ ತುಂಬ ಹೊತ್ತು ತೆಗೆದುಕೊಂಡರು. ನಾನು ಬೆಂಚಿನ ಅಂಚು ಹಿಡಿದು ಕೂತಿದ್ದೆ. ಚೆಂಡು ಏರಿತು, ಕಬ್ಬಿಣದ ಬಳೆಗೆ ತಾಗಿತು, ಅದರ ಮೇಲೆ ಒಂದು ಸುತ್ತು ಹಾಕಿತು, ಹೊರಗೆ ಬಿತ್ತು. ಇಡೀ ಒಳಾಂಗಣ ‘ಅಯ್ಯೋ’ ಎಂದು ಉಸಿರು ಬಿಟ್ಟಿತು. ಕಾರ್ಯದರ್ಶಿ ಪೆನ್ನು ಕೆಳಗಿಟ್ಟರು.

ನಾವೆಲ್ಲ ಆ ಚೆಂಡನ್ನೇ ನೋಡುತ್ತಿದ್ದುದರಿಂದ ಮುಂದಿನದನ್ನು ಸರಿಯಾಗಿ ನೋಡಿದವರು ಕಡಿಮೆ. ಕೆಂಪು ತಂಡದವರು ಚೆಂಡು ಹಿಡಿದು ಮುಂದಕ್ಕೆ ಎಸೆದಿದ್ದರು, ಅದು ಓಡುತ್ತಿದ್ದ ನಾದಿನಿಯ ಕೈ ಸೇರಿತ್ತು, ನಾದಿನಿ ಬುಟ್ಟಿಗೆ ಗುರಿ ಇಟ್ಟಿದ್ದರು. ಆ ಗುರಿಗೆ ಅಡ್ಡವಾಗಿ, ಆಗಲೇ ಈಚೆಗೆ ಓಡಿಬಂದು ಕೈ ಎತ್ತಿ ನಿಂತಿದ್ದವರು ಗೆರೆಯಕ್ಕ. ತಮ್ಮ ಎಸೆತ ಬಳೆಯಿಂದ ಹೊರಗೆ ಬೀಳುವ ಮೊದಲೇ ಅವರು ಹಿಂದಿರುಗಿದ್ದರು. ನಾದಿನಿಯ ಎಸೆತ ಅವರ ಅಂಗೈಗೆ ಬಡಿದು ಹೊರಗೆ ಹೋಯಿತು. ಪಂದ್ಯ ಮುಗಿದಾಗ ನೀಲಿ ಹದಿನಾರು, ಕೆಂಪು ಒಂಬತ್ತು. ಸಾವಿರದ ನಾನೂರ ಹದಿನೆಂಟು ಅಂಕಗಳ ಒಡತಿಯ ಅಂದಿನ ಗಳಿಕೆ ಸೊನ್ನೆ.

ಆಮೇಲೆ ನಾದಿನಿ ಅತ್ತಿಗೆಯ ಹೆಗಲ ಮೇಲೆ ತಲೆಯಿಟ್ಟು ಅತ್ತರು. “ನಿನ್ನ ಹೆಸರು ಬರಲಿ ಅಂತ ನಾನು ಫೌಲು ಮಾಡಿದ್ರೆ, ನೀನು ನನ್ನನ್ನೇ ತಡೆದು ನಿಲ್ಲಿಸ್ತೀಯಲ್ಲ.”

“ನೀನು ಯಾಕೆ ನಮ್ಮ ಬುಟ್ಟಿಗೆ ಹೊಡೆಯೋಕೆ ಬಂದೆ?” ಎಂದರು ಗೆರೆಯಕ್ಕ, ಅವರ ಬೆನ್ನು ಸವರುತ್ತಾ.

ಭಾನುವಾರ ಬೆಳಗ್ಗೆ ಐದೂವರೆಗೆ, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ನಾನು ಮತ್ತೆ ಒಳಗೆ ಬರುತ್ತೇನೆ. ಸಮಾಧಾನದ ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅದರ ಅಗತ್ಯ ಬೀಳಲಿಲ್ಲ. ಗೆರೆಯಕ್ಕ ಫಲಕದ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಫಲಕದ ನಟ್ಟನಡುವೆ, ಮೇಲಿನಿಂದ ಕೆಳಗೆ, ಒಂದು ಬಿಳಿ ಗೆರೆ. ಅದರ ಬಲಗಡೆ, ಆಗ ತಾನೇ ಬರೆದ ಮೂರು ಹೆಸರು. ಮೊದಲು ಗೋಡೆಯದು, ಆಮೇಲೆ ಇರುವೆಯದು, ಕೊನೆಗೆ ತಮ್ಮದು. ಗೆರೆಯ ಒಂದು ಬದಿಯ ಅಂಟುಪಟ್ಟಿಯನ್ನು ಬೆರಳಿಟ್ಟು ಪರೀಕ್ಷಿಸುತ್ತಿದ್ದಾರೆ.

ಎಂದೂ ಎಂಟಕ್ಕೆ ಮುಂಚೆ ಬಾರದ ಕಾರ್ಯದರ್ಶಿ ಅವತ್ತು ಆರಕ್ಕೇ ಬಂದರು. ಅವರಿಗೂ ನಿದ್ದೆ ಬಂದಿರಲಿಲ್ಲವೇನೋ. ಫಲಕ ನೋಡಿದರು. ಮೂರು ಹೆಸರನ್ನೂ ತುಟಿ ಅಲ್ಲಾಡಿಸಿ ಓದಿದರು.

“ಅಕ್ಕ, ನನಗೂ ಹಾಕಬೇಕು ಅಂತಲೇ ಇದೆ,” ಎಂದರು ಮೆಲ್ಲಗೆ. “ಆದರೆ ನಾಳೆ ಸಮಿತಿಯವರು ಕೇಳಿದರೆ ಏನು ತೋರಿಸಲಿ? ಪುಸ್ತಕದಲ್ಲಿ ನಿಮ್ಮ ಮೂರು ಜನದ್ದೂ ಸೊನ್ನೆ.”

“ನೀವು ನೋಡಿದ್ದು ನಮ್ಮ ಪುಟ ಸಾರ್,” ಎಂದರು ಗೆರೆಯಕ್ಕ, ಪಟ್ಟಿ ಎಳೆಯುತ್ತಲೇ. “ಪ್ರತಿ ಪಂದ್ಯಕ್ಕೂ ಎದುರು ಪುಟದಲ್ಲಿ ಎದುರಾಳಿಗಳ ಅಂಕ ಬರೆದಿರ್ತಾರೆ. ಅದನ್ನ ನೋಡಿ. ನಾವು ಮೂರು ಜನ ಇರೋದು ಅಲ್ಲಿ.”

ಕಾರ್ಯದರ್ಶಿ ಕೋಣೆಗೆ ಹೋಗಿ ಪುಸ್ತಕಗಳನ್ನು ಎದೆಗವಚಿಕೊಂಡು ತಂದರು. ಬೆಂಚಿನ ಮೇಲೆ ಕೂತು ಒಂದೊಂದೇ ಎದುರು ಪುಟ ತಿರುವಿದರು. ಹನ್ನೊಂದು. ಒಂಬತ್ತು. ಹದಿನಾಲ್ಕು. ಎಂಟು. ಗೆರೆಯಕ್ಕ ಅವರ ಕಡೆ ನೋಡದೆ ಪಟ್ಟಿಯನ್ನು ಪೂರ್ತಿ ಎಳೆದು ಮುಗಿಸಿದರು. ಅಂಚು ಎಲ್ಲೂ ಹರಿಯಲಿಲ್ಲ. ಸುಮಾರು ಕಾಲು ಗಂಟೆಯ ಮೇಲೆ ಕಾರ್ಯದರ್ಶಿ ಒಂದು ಪುಟದ ಮೇಲೆ ಬೆರಳಿಟ್ಟು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

“ಅಕ್ಕ, ಇದು ಪ್ರಾಂತ್ಯದ ಕಪ್ಪಿನ ಫೈನಲ್ ಪಂದ್ಯ. ಇಡೀ ಪಂದ್ಯಕ್ಕೆ ನಾಲ್ಕೇ ಅಂಕ ಬಿಟ್ಟುಕೊಟ್ಟಿದ್ದೀರಾ?”

ಗೆರೆಯಕ್ಕನ ಮುಖ ಸ್ವಲ್ಪ ಸಪ್ಪಗಾಯಿತು. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ ಕೆಳಗಿಟ್ಟರು.

“ಅದರಲ್ಲಿ ಎರಡು ನನ್ನ ತಪ್ಪು ಸಾರ್, ಶೂ ಲೇಸು ಬಿಚ್ಚಿಕೊಂಡಿತ್ತು. ಇನ್ನೆರಡು ಯಾರದ್ದು ಅಂತ ನಾನು ಹೇಳಲ್ಲ.”